ಹಿತ್ತಲ ಬಾಗಿಲಿನ ರೊಕ್ಕ

೧೯೬೧ನೆಯ ಇಸವಿಯಲ್ಲಿ ಸರಕಾರಕ್ಕೆ ನಮ್ಮ ಬಡತನದ ಮೇಲೆ ಇದ್ದಕ್ಕಿದ್ದಂತೆ ಕನಿಕರ ಹುಟ್ಟಿತು. ಸಿಂದಗಿಯ ಗೋಡೆಗಳ ಮೇಲೆಲ್ಲ 'ಉಳಿತಾಯ ಮಾಡಿರಿ' ಎಂದು ನೀಲಿ ಬಣ್ಣದಲ್ಲಿ ಬರೆಸಿದರು. ಓದು ಬಾರದವರಿಗಾಗಿ ಒಬ್ಬ ಅಧಿಕಾರಿ ನಮ್ಮ ಓಣಿಗೇ ಬಂದು, ಬೇವಿನ ಗಿಡದ ಕೆಳಗೆ ನಿಂತು ಒಂದು ತಾಸು ಭಾಷಣ ಮಾಡಿದರು. ತಿಂಗಳ ಪಗಾರದ ಹತ್ತರಲ್ಲೊಂದು ಪಾಲನ್ನು ಆಪತ್ಕಾಲಕ್ಕೆಂದು ಎತ್ತಿಡಬೇಕಂತೆ. ಓಣಿಯಲ್ಲಿ ತಿಂಗಳ ಪಗಾರ ಕಂಡವರು ಒಬ್ಬರೂ ಇರಲಿಲ್ಲ. ಆದರೂ ಎಲ್ಲರೂ ತಲೆದೂಗಿದರು, ದೂರದಿಂದ ಬಂದವರ ಮನಸ್ಸು ನೋಯಿಸಬಾರದಲ್ಲ! ಭಾಷಣ ಮುಗಿದ ಮೇಲೆ ಆ ಅಧಿಕಾರಿ ಚಹಾ ಕುಡಿದದ್ದು ಬಡ್ಡಿ ಸಾಲ ಕೊಡುವ ಭೀಮಶ್ಯಾನ ಕಟ್ಟೆಯ ಮೇಲೆ. ಗಾದಿ ಹಾಸಿದ ಕಟ್ಟೆ ಓಣಿಯಲ್ಲಿ ಅದೊಂದೇ ಇತ್ತು.

ಆ ಗಾದಿಯನ್ನು ಹೊಲಿದುಕೊಟ್ಟವನು ಪಿಂಜಾರ ಕಾಸಿಂಸಾಬ. ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಅರಳೆ ಹಿಂಜಿ ಗಾದಿ, ದಿಂಬು ತುಂಬಿ ಕೊಡುವುದು ಅವನ ಕಸುಬು. ಕೆಲಸದಲ್ಲಿ ಜಾಣ, ಹೆಂಡತಿಯ ಮುಂದೆ ಮಾತ್ರ ಬಾಯಿ ಬಾರದವನು. ಹೆಂಡತಿ ರಾಜಬಿ ಮನೆಯಲ್ಲಿ ಕೂತು ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಿದ್ದಳು, ನಾಲ್ಕು ಕೋಳಿ ಸಾಕಿದ್ದಳು. ಆಪತ್ಕಾಲ ಎಂದರೇನು ಎಂದು ಯಾವ ಅಧಿಕಾರಿಯೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಭಾಷಣಕ್ಕೂ ಬಹಳ ಮೊದಲೇ, ಮೂರು ವರ್ಷದಿಂದ ಅವಳು ವಾರಕ್ಕೆ ಎಂಟಾಣೆ ಉಳಿಸುತ್ತಿದ್ದಳು. ಹೊಸ ಪೈಸೆ ಬಂದು ನಾಲ್ಕು ವರ್ಷವಾಗಿದ್ದರೂ ನಮ್ಮ ಹೆಂಗಸರ ಲೆಕ್ಕ ಇನ್ನೂ ಆಣೆಯಲ್ಲೇ ನಡೆಯುತ್ತಿತ್ತು.

ಉಳಿಸುವುದೇನೋ ಸರಿ, ಇಡುವುದೆಲ್ಲಿ? ಮನೆಯಲ್ಲಿಟ್ಟರೆ ಗಂಡನ ಕಣ್ಣಿಗೆ ಬೀಳುತ್ತದೆ. ಕಾಸಿಂಸಾಬ ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ. ಯಾರಾದರೂ ಬಂದು ಅತ್ತರೆ ಕಿಸೆಯಲ್ಲಿದ್ದುದನ್ನು ಕೊಟ್ಟುಬಿಡುವವನು. ಇದು ಕುಡಿತಕ್ಕಿಂತ ಕೆಟ್ಟದ್ದು, ಏಕೆಂದರೆ ಬೈದರೆ ಜನ ಬೈದವಳನ್ನೇ ಕೆಟ್ಟವಳೆನ್ನುತ್ತಾರೆ. ಅದಕ್ಕೇ ರಾಜಬಿ ಓಣಿಯ ಉಳಿದ ಹೆಂಗಸರಂತೆ ತಾನೂ ಗಂಟನ್ನು ಭೀಮಶ್ಯಾನ ಹೆಂಡತಿ ಚನ್ನವ್ವನ ಕೈಯಲ್ಲಿ ಇಡುತ್ತಿದ್ದಳು. ಸಾಹುಕಾರನ ಮನೆ, ಕಬ್ಬಿಣದ ಪೆಟ್ಟಿಗೆ, ಇನ್ನೇನು ಭಯ? ಸಂತೆಯ ದಿನ ಸೆರಗಿನಲ್ಲಿ ಎಂಟಾಣೆ ಕಟ್ಟಿಕೊಂಡು ಹಿತ್ತಲ ಬಾಗಿಲಿಂದ ಹೋಗಿ ಕೊಟ್ಟು ಬರುವಳು. ಇಟ್ಟುಕೊಂಡ ಉಪಕಾರಕ್ಕೆ ಚನ್ನವ್ವನಿಗೆ ಆಗಾಗ ನಾಲ್ಕು ತತ್ತಿ, ವರ್ಷಕ್ಕೊಂದು ಕೌದಿ ಬಿಟ್ಟಿ. ತನ್ನ ರೊಕ್ಕ ಇಡಲು ತಾನೇ ಕಾಣಿಕೆ ಕೊಡಬೇಕು. ಇದನ್ನು ಅನ್ಯಾಯ ಎಂದು ಓಣಿಯಲ್ಲಿ ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಕಾಸಿಂಸಾಬನಿಗೂ ಒಂದು ಗುಟ್ಟಿತ್ತು. ಅವನೂ ಅದೇ ಮನೆಗೆ ಹೋಗುತ್ತಿದ್ದ, ಮುಂಬಾಗಿಲಿಂದ. ಮಗಳು ಅಬಿದಾಳ ಮದುವೆಗೆ ಮೂವತ್ತು, ಹತ್ತಿ ಖರೀದಿಗೆ ಇಪ್ಪತ್ತೈದು, ಯಾರೋ ಅತ್ತರೆಂದು ಇಪ್ಪತ್ತು, ಹೀಗೆ ಭೀಮಶ್ಯಾನಿಂದ ಎಪ್ಪತ್ತೈದು ರೂಪಾಯಿ ಸಾಲ ತಂದಿದ್ದ. ಬಡ್ಡಿ ತಿಂಗಳಿಗೆ ಎರಡು ರೂಪಾಯಿ. ಹೆಂಡತಿಗೆ ಹೇಳಲು ಧೈರ್ಯ ಸಾಲದೆ, 'ಗಿರಾಕಿ ಕೊಡಲಿಲ್ಲ' ಎಂದು ತಿಂಗಳೂ ಎರಡು ರೂಪಾಯಿ ಮುಚ್ಚಿಡುತ್ತಿದ್ದ. ಅವಳು 'ಕೌದಿಗೆ ಕಡಿಮೆ ಕೊಟ್ಟರು' ಎಂದು ತಿಂಗಳೂ ಎರಡು ರೂಪಾಯಿ ಮುಚ್ಚಿಡುತ್ತಿದ್ದಳು. ಹೀಗೆ ಇಬ್ಬರೂ ಸೇರಿ ಸಂಸಾರದ ಸಾರನ್ನು ತೆಳ್ಳಗೆ ಮಾಡಿದ್ದರು. 'ಏನೋ, ಮೊದಲಿನ ಬರಕತ್ತು ಇಲ್ಲ' ಎಂದು ಊಟಕ್ಕೆ ಕೂತಾಗ ಇಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಡುತ್ತಿದ್ದರು.

ಅಬಿದಾ ಚೊಚ್ಚಲ ಹೆರಿಗೆಗೆ ತಾಳಿಕೋಟೆಯಿಂದ ತವರಿಗೆ ಬಂದಿದ್ದಳು. ಒಂದು ಗುರುವಾರ ಬೆಳಗಿನ ಜಾವಕ್ಕೆ ನೋವು ಶುರುವಾಯಿತು. ಬಿಸಿಲೇರಿದರೂ ಕೂಸು ಬರಲಿಲ್ಲ. ಸೂಲಗಿತ್ತಿ ಕೈಚೆಲ್ಲಿ ದವಾಖಾನೆಯ ಡಾಕ್ಟರನ್ನು ಕರೆಸಿದಳು. ಅವರು ನೋಡಿ, ಕೂಸು ಅಡ್ಡ ತಿರುಗಿದೆ, ಈಗಿಂದೀಗಲೇ ಬಿಜಾಪುರಕ್ಕೆ ಒಯ್ಯದಿದ್ದರೆ ತಾಯಿ ಮಗು ಎರಡೂ ಉಳಿಯುವುದಿಲ್ಲ ಎಂದರು. ಬಸ್ಸಿನಲ್ಲಿ ಕೂಡಿಸುವಂತಿರಲಿಲ್ಲ. ಅರಳೆ ವ್ಯಾಪಾರಿಯ ಜೀಪಿಗೆ ಮೂವತ್ತು ರೂಪಾಯಿ, ಅಲ್ಲಿಯ ಔಷಧ, ಊಟ, ಇರುವುದು ಎಲ್ಲ ಸೇರಿ ಇನ್ನೊಂದು ನಲವತ್ತು. ಮನೆಯಲ್ಲಿ ಇದ್ದದ್ದು ಹದಿನಾಲ್ಕಾಣೆ.

"ನಾ ನೋಡ್ತೇನಿ" ಎಂದು ಕಾಸಿಂಸಾಬ ಬೀದಿಗೆ ಓಡಿದ. ಅವನು ಮರೆಯಾದ ಕೂಡಲೇ ರಾಜಬಿ ಹಿತ್ತಲಿಂದ ಓಡಿದಳು. ಜೀವನದಲ್ಲಿ ಮೊದಲ ಬಾರಿ ಅವಳ ಎದೆಯಲ್ಲಿ ಭಯದ ಜೊತೆಗೆ ಹೆಮ್ಮೆಯೂ ಇತ್ತು. ಇಂಥ ದಿನಕ್ಕೆಂದೇ ಅಲ್ಲವೆ ಮೂರು ವರ್ಷ ಹೊಟ್ಟೆ ಕಟ್ಟಿದ್ದು!

"ಯಕ್ಕಾ, ನನ್ನ ರೊಕ್ಕ ಎಲ್ಲಾ ಕೊಡು. ಅಬಿದಾನ್ನ ಬಿಜಾಪುರಕ್ಕ ಒಯ್ಯಬೇಕು" ಎಂದಳು.

ಚನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಈಗಿಂದೀಗ ಅಂದ್ರ ಹೆಂಗ ರಾಜಬಿ? ಸಂತಿ ದಿನಾ ಬಾ."

"ಸಂತಿ ತನಕ ಕೂಸು ತಡೀತೈತೇನು?"

"ರೊಕ್ಕ ಮನ್ಯಾಗಿಲ್ಲ ತಂಗಿ. ಹೊರಗ ಕೊಟ್ಟೈತಿ. ಬರ್ತೈತಿ, ಎಲ್ಲಿ ಹೋಗತೈತಿ?"

"ಯಾರಿಗಿ ಕೊಟ್ಟೈತಿ?"

ಚನ್ನವ್ವ ಉತ್ತರ ಕೊಡುವ ಮೊದಲೇ ಮುಂದಿನ ಕಟ್ಟೆಯಿಂದ ಪರಿಚಯದ ಧ್ವನಿ ಕೇಳಿಸಿತು. "ಸಾವಕಾರ್ರ, ಕಾಲು ಬೀಳ್ತೇನ್ರಿ. ಮೊದಲಿನ ಎಪ್ಪತ್ತೈದು ಇರ್ಲಿ, ಅದರ ಮ್ಯಾಲೆ ಇನ್ನೊಂದು ಎಪ್ಪತ್ತು ಕೊಡ್ರಿ. ನನ್ನ ಮಗಳು ಸಾಯಾಕತ್ತಾಳ್ರಿ."

ರಾಜಬಿ ಅಡುಗೆಮನೆ ದಾಟಿ, ಪಡಸಾಲೆ ದಾಟಿ, ಆ ಮನೆಯ ಮುಂಬಾಗಿಲಿಗೆ ಬಂದು ನಿಂತಳು. ಪರಪುರುಷರ ಕಟ್ಟೆಗೆ ಅವಳು ಹಾಗೆ ಬಂದದ್ದು ಅದೇ ಮೊದಲು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಬೇರೆ ದಿನವಾಗಿದ್ದರೆ ಮೂರು ದಿನ ಜಗಳವಾಗುತ್ತಿತ್ತು. ಆ ದಿನ ಪುರಸೊತ್ತಿರಲಿಲ್ಲ.

"ನಾ ಇಟ್ಟದ್ದು ಎಪ್ಪತ್ತೆಂಟು. ಇವರು ತಗೊಂಡದ್ದು ಎಪ್ಪತ್ತೈದು" ಎಂದಳು ರಾಜಬಿ, ಬೆರಳು ಮಡಚುತ್ತ. "ಅಂದ್ರ ನನ್ನ ರೊಕ್ಕಾನ ನನ್ನ ಗಂಡಗ ಬಡ್ಡಿಗಿ ಕೊಟ್ರೇನ್ರಿ?"

ಭೀಮಶ್ಯಾ ಗಾದಿಯ ಮೇಲೆ ಸರಿಯಾಗಿ ಕೂತ. "ರೊಕ್ಕದ ಮ್ಯಾಲೆ ಹೆಸರು ಬರದಿರತೈತೇನವಾ? ನೀ ಇಟ್ಟಿ, ಅಂವ ಒಯ್ದ. ನಿಮ್ಮ ಮನೀದು ನಿಮ್ಮ ಮನೀಗೇ ಬಂತು. ಇದರಾಗ ಯಾರಿಗಿ ಮೋಸ ಆತು? ಮ್ಯಾಲಿಂದು ಮೂರು ರೂಪಾಯಿ ಉಳೀತಲ್ಲ, ಈಗ ಕೊಡ್ತೇನಿ ತಗೋ."

ಅಷ್ಟು ಹೇಳಿ, ದೊಡ್ಡ ಮನಸ್ಸಿನ ಮನುಷ್ಯ, ನಿಜವಾಗಿಯೂ ಮೂರು ರೂಪಾಯಿ ಎಣಿಸಿ ಕೊಟ್ಟ!

"ಬಡ್ಡಿ?" ಎಂದ ಕಾಸಿಂಸಾಬ.

"ಬಡ್ಡಿ ಹೊಟ್ಟ್ಯಾಗ ಹೋತು. ಹೊಟ್ಟ್ಯಾಗಿಂದು ಹೆಂಗ ತಗೀಲಿ?"

"ಪೆಟಗಿ ತಗೀರಿ" ಎಂದಳು ರಾಜಬಿ. ಅವನು ಮಿಸುಕಲಿಲ್ಲ. ಬಾಗಿಲ ಪಕ್ಕದಲ್ಲೇ ಇದ್ದ ಪೆಟ್ಟಿಗೆಯ ಮುಚ್ಚಳವನ್ನು ಅವಳೇ ಎತ್ತಿದಳು, ಬೀಗ ಬರೀ ಸಿಕ್ಕಿಸಿಟ್ಟದ್ದು. ಓಣಿಯ ಹದಿಮೂರು ಮನೆಗಳು ಹೆದರುತ್ತಿದ್ದ ಆ ಕಬ್ಬಿಣದ ಪೆಟ್ಟಿಗೆಯಲ್ಲಿ ಲೆಕ್ಕದ ವಹಿ, ಹೋದ ವರ್ಷದ ಪಂಚಾಂಗ, ಅರ್ಧ ಸೀಸೆ ಕೆಮ್ಮಿನ ಔಷಧ ಇದ್ದವು. ಭೀಮಶ್ಯಾನಿಗೆ ಸ್ವಂತದ್ದೆಂದು ಒಂದು ರೂಪಾಯಿಯೂ ಇರಲಿಲ್ಲ. ಹಿತ್ತಲಿಂದ ಹೆಂಡಂದಿರು ತಂದಿಟ್ಟದ್ದನ್ನು ಮುಂಬಾಗಿಲಲ್ಲಿ ಗಂಡಂದಿರಿಗೆ ಕೊಟ್ಟು, ನಡುವೆ ಕೂತು ಬಡ್ಡಿ ತಿನ್ನುತ್ತಿದ್ದ. ಇಡೀ ಓಣಿ ತನ್ನ ರೊಕ್ಕಕ್ಕೆ ತಾನೇ ಬಡ್ಡಿ ಕಟ್ಟುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಷ್ಟೇ ಅಲ್ಲ, ಅವನ ಬುದ್ಧಿ ನನಗೇಕೆ ಹೊಳೆಯಲಿಲ್ಲ ಎಂದೂ ಉರಿಯುತ್ತದೆ.

"ರೊಕ್ಕ ಕೊಡ್ರಿ. ಇಲ್ಲಂದ್ರ ಬಾವಿ ಕಟ್ಟಿಗಿ ನಿಂತು ಹೆಂಗಸರ್ನೆಲ್ಲಾ ಕರೀತೇನಿ" ಎಂದಳು ರಾಜಬಿ. ಕೂಗಲಿಲ್ಲ. ಅದಕ್ಕೇ ಭೀಮಶ್ಯಾನ ಮುಖದ ಬಣ್ಣ ಇಳಿಯಿತು.

ಅಷ್ಟರಲ್ಲಿ ಚನ್ನವ್ವ ಒಳಗಿನಿಂದ ಒಂದು ಗಂಟು ತಂದು ರಾಜಬಿಯ ಮುಂದೆ ಹಿಡಿದಳು. "ಇದರಾಗ ಎಪ್ಪತ್ತು ಐತಿ. ಹನಮವ್ವಂದು. ಆಡು ಮಾರಿದ್ದು, ಶೇಂಗಾ ಆರಿಸಿದ ಕೂಲಿ, ಎಲ್ಲಾ ಕೂಡಿಸಿ ನಿನ್ನಿ ಸಂಜಿಕ ತಂದಿಟ್ಟಾಳ, ಇನ್ನೂ ಇವರ ಕೈಗಿ ಕೊಟ್ಟಿಲ್ಲ. ಮನೀ ತೊಲಿಗಿ ಹುಳ ಹತ್ತೈತಿ, ಮುರಿದ ದಿನಕ್ಕಿರ್ಲಿ ಅಂದ್ಲು. ಬೇಕಾದ್ರ ಒಯ್ಯಿ. ನಿನ್ನ ಮನಸ್ಸು."

ಹನಮವ್ವ ರಾಜಬಿಯ ಎದುರು ಮನೆಯವಳು. ಬೆಳಗಿನಿಂದ ಅಬಿದಾಳಿಗೆ ನೀರು ಕಾಯಿಸಿ ಕೊಡುತ್ತಿದ್ದವಳು, ಈಗಲೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು. ರಾಜಬಿಗೆ ಆ ಗಂಟು ಮುಟ್ಟಲು ನಾಚಿಕೆಯಾಯಿತು. ಕೇಳಿ ಬರೋಣವೆಂದರೆ ಮಗಳ ಮುಂದೆ ನಿಂತು ಕೇಳುವ ಮಾತಲ್ಲ, ಇಲ್ಲ ಎಂದುಬಿಟ್ಟರೆ ಏನು ಗತಿ ಎಂಬ ಭಯ ಬೇರೆ. ಕೇಳಲಿಲ್ಲ. ಗಂಟು ಕಸಿದುಕೊಂಡು ಜೀಪಿನ ಕಡೆ ಓಡಿದಳು.

ಬಿಜಾಪುರದಲ್ಲಿ ಹೆಣ್ಣುಕೂಸು ಹುಟ್ಟಿತು. ಅಬಿದಾ ಎರಡು ದಿನ ಕಣ್ಣು ಬಿಡಲಿಲ್ಲ, ಮೂರನೆಯ ದಿನ ನೀರು ಕೇಳಿದಳು. ರಾಜಬಿ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಹನ್ನೆರಡನೆಯ ದಿನ ಎಲ್ಲರೂ ಊರಿಗೆ ಬಂದರು. ಗಂಟಿನಲ್ಲಿ ಬಟ್ಟೆ ಮಾತ್ರ ಉಳಿದಿತ್ತು.

ಬಂದ ಮರುದಿನವೇ ಕಾಸಿಂಸಾಬ ಎರಡು ಗಾದಿ ತುಂಬಿ ಮೂರು ರೂಪಾಯಿ ದುಡಿದ. ಬಹಳ ದಿನದ ಮೇಲೆ ಅವನ ಮುಖ ಅರಳಿತ್ತು.

"ಮಟನ್ ತರ್ತೇನಿ. ಮೊಮ್ಮಗಳೂ ಬಂದ್ಲು, ಸಾಲಾನೂ ಹರೀತು. ನಿನ್ನ ರೊಕ್ಕ ನನ್ನ ಸಾಲಕ್ಕ ವಜಾ ಆತಲ್ಲ" ಎಂದ.

"ಹೌದು, ವಜಾ ಆತು. ಈಗ ಹನಮಕ್ಕನ ಎಪ್ಪತ್ತು ಯಾರು ಕೊಡಬೇಕು?"

"ಅದು... ಭೀಮಶ್ಯಾ ಕೊಡ್ತಾನಲ್ಲ. ಅಕಿ ಇಟ್ಟದ್ದು ಅವನ ಮನ್ಯಾಗ."

"ತಿಂದದ್ದು ನಾವು."

ಕಾಸಿಂಸಾಬ ಬಿಲ್ಲಿನ ತಂತಿ ಮೀಟುತ್ತ ಮುಖ ತಿರುಗಿಸಿದ. ಹದಿನೆಂಟು ತಿಂಗಳ ಸಾಲ ಹರಿಯಿತೆಂದು ಅವನು ಹಿಗ್ಗಿ ಒಂದು ತಾಸೂ ಆಗಿರಲಿಲ್ಲ.

ಆಗಲೇ ಹನಮವ್ವ ಬಂದಳು, ಬಾಣಂತಿಗೆಂದು ಕೊಬ್ಬರಿ, ಬೆಲ್ಲ ಮಡಿಲಲ್ಲಿ ತುಂಬಿಕೊಂಡು. ಕೂಸನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಮೂಗು ಯಾರದೆಂದು ಪರೀಕ್ಷೆ ಮಾಡಿ, ರಾಜಬಿಯ ಕಿವಿಯ ಹತ್ತಿರ ಬಗ್ಗಿದಳು. "ಖರ್ಚು ಭಾಳ ಬಂದಿರಬೇಕಲ್ಲ ತಂಗಿ? ಯಾರ ಮುಂದೂ ಹೇಳಬ್ಯಾಡ, ನನ್ನ ಕಡೆ ಒಂದೀಟು ರೊಕ್ಕ ಐತಿ. ಚನ್ನವ್ವನ ಕಡೆ ಭದ್ರ ಇಟ್ಟೇನಿ. ಬೇಕಂದ್ರ ಹತ್ತು ಕೊಡಸ್ತೇನಿ. ನಮ್ಮ ಮನಿಯವರಿಗಿ ಮಾತ್ರ ಗೊತ್ತಾಗಬಾರದು."

ಸುಮ್ಮನಿದ್ದುಬಿಡಬಹುದಿತ್ತು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ತೊಲೆ ಮುರಿಯುವ ತನಕ ಹನಮವ್ವ ಗಂಟು ಕೇಳುವವಳಲ್ಲ, ಕೇಳಿದ ದಿನ ಉತ್ತರ ಕೊಡುವುದು ಚನ್ನವ್ವನ ಪಾಡು. ಆದರೆ ರಾಜಬಿಗೆ ಆ ಗುಟ್ಟು ಹೊತ್ತ ಹನ್ನೆರಡು ದಿನವೇ ಸಾಕಾಗಿತ್ತು.

"ಯಕ್ಕಾ, ನಿನ್ನ ರೊಕ್ಕ ಚನ್ನವ್ವನ ಕಡೆ ಇಲ್ಲ. ನಿನ್ನ ತೊಡಿ ಮ್ಯಾಲೆ ಮಲಗೈತಿ ನೋಡು."

ಎಲ್ಲವನ್ನೂ ಹೇಳಿದಳು. ಖಾಲಿ ಪೆಟ್ಟಿಗೆ, ಮುಂಬಾಗಿಲು, ಹಿತ್ತಲ ಬಾಗಿಲು, ಕೇಳದೆ ಒಯ್ದದ್ದು, ಒಂದನ್ನೂ ಬಿಡಲಿಲ್ಲ. ಹನಮವ್ವನ ಮುಖ ಮೊದಲು ಕೆಂಪಗಾಯಿತು, ಆಮೇಲೆ ಬಿಳಿಚಿಕೊಂಡಿತು. ಕೂಸನ್ನು ಕೆಳಗಿಡಲು ಹೋಗಿ ಮತ್ತೆ ಎದೆಗೆ ಒತ್ತಿಕೊಂಡಳು.

"ಒಂದು ಮಾತು ಕೇಳಬೇಕಾಗಿತ್ತು ನೀ" ಎಂದಳು. "ಅಕಿ ತಲಿ ಹಿಡಕೊಂಡು ಅಲ್ಲೇ ಕುಂತಿದ್ನಿ ನಾ."

"ಇಲ್ಲ ಅಂದೀ ಅಂತ ಹೆದರಿಕಿ ಬಂತು ಯಕ್ಕಾ."

"ಅಂತಿದ್ನೋ ಏನೋ" ಎಂದಳು ಹನಮವ್ವ. ಸುಳ್ಳು ಹೇಳುವ ಹೆಂಗಸಲ್ಲ ಅವಳು.

ಬಿಲ್ಲಿನ ಸದ್ದು ಯಾವಾಗಲೋ ನಿಂತಿತ್ತು. ಕಾಸಿಂಸಾಬ ಎದ್ದು ಬಂದು, ಅರಳೆ ಮೆತ್ತಿದ ಕೈಯಿಂದಲೇ ಮಟನ್ನಿನ ಮೂರು ರೂಪಾಯಿಯನ್ನು ಇಬ್ಬರು ಹೆಂಗಸರ ಎದುರಿಗೆ ಹನಮವ್ವನ ಮುಂದಿಟ್ಟ. "ವಾರಾ ವಾರಾ ಕೊಡ್ತೇನಿ ಯವ್ವಾ. ನಿನ್ನ ಕೈಯಾಗ ಕೊಡ್ತೇನಿ. ತೊಲಿಗಿ ನಾಳೆ ನಾನೇ ಬಂದು ಒಂದು ಕಂಬ ಆಸರಾ ಕೊಡ್ತೇನಿ" ಎಂದ. ಮದುವೆಯಾದಾಗಿನಿಂದ ಅವನು ಹೆಂಡತಿಯ ಎದುರಿಗೆ ರೊಕ್ಕದ ಮಾತು ಇಷ್ಟು ಉದ್ದ ಆಡಿದ್ದು ಅದೇ ಮೊದಲು.

ಹನಮವ್ವ ಮೂರು ರೂಪಾಯಿಯನ್ನು ಎರಡು ಸಲ ಎಣಿಸಿದಳು. ಎರಡನ್ನು ಸೆರಗಿಗೆ ಕಟ್ಟಿಕೊಂಡಳು. ಒಂದನ್ನು ಕೂಸಿನ ಮುಷ್ಟಿ ಬಿಡಿಸಿ ಅದರೊಳಗಿಟ್ಟು, ಬೆರಳು ಮಡಚಿದಳು.

"ಸಾಲ ಅರವತ್ತೇಳು ಉಳೀತು" ಎಂದಳು. "ಇದು ನಾ ಕೂಸಿಗಿ ಹಾಕಿದ ಮುಯ್ಯಿ, ಇದರ ಲೆಕ್ಕ ಬ್ಯಾರೆ. ನನ್ನ ಮೊಮ್ಮಗ ಹುಟ್ಟಿದಾಗ ತಿರುಗಿ ಹಾಕಬೇಕು, ನೆನಪಿಡು."