ಸತ್ಯಪ್ಪ ಪಾದ್ರಿಯ ಮಣ್ಣು

ಹೆಣ ಹೂಳಲು ತೋಡಿದ ಕುಣಿಯಲ್ಲಿ ಮೊಣಕಾಲಮಟ ನಿಂತ ನೀರನ್ನು ಭರಮಪ್ಪ ಬಕೀಟಿನಿಂದ ತೋಡಿ ಮೇಲೆ ಕೊಡುತ್ತಿದ್ದ. ಮೇಲಿದ್ದವರು ಅದನ್ನು ದೂರ ಚೆಲ್ಲಿ ಬರುವಷ್ಟರಲ್ಲಿ ಎರೆಮಣ್ಣಿನ ಗೋಡೆಯಿಂದ ಮತ್ತೊಂದು ಹೆಂಟೆ ಕಳಚಿ ಅವನ ಕಾಲ ಬಳಿ ಬಿತ್ತು.

"ಇನ್ನ ತಡದ್ರ ಕುಣಿ ನಿಲ್ಲೂದಿಲ್ಲ, ನೀಲಪ್ಪ ಮಾಸ್ತರ," ಎಂದ ಅವನು ಮುಖ ಮೇಲೆತ್ತಿ. "ಎರಡೂ ಕಡೆ ಬಾಯಿ ಬಿಟ್ಟೈತಿ."

ನೀಲಪ್ಪ ದೊಡವಾಡದ ಕೇರಿಯ ಸಣ್ಣ ಕ್ರೈಸ್ತ ಸಭೆಗೆ ಹಿರಿಯ. ಸಾಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಛತ್ರಿ ಹಿಡಿದು ಧಾರವಾಡದ ದಾರಿಯನ್ನೇ ನೋಡುತ್ತಿದ್ದ. ಅಲ್ಲಿಂದ ದೊಡ್ಡ ಪಾದ್ರಿಗಳು ಬೆಳಗಿನ ಬಸ್ಸಿಗೆ ಬರುತ್ತೇವೆಂದು ಹೇಳಿಕಳಿಸಿದ್ದರು. ಆದರೆ ಎಪ್ಪತ್ನಾಲ್ಕರ ಆ ಶ್ರಾವಣದ ಮಳೆಗೆ ಹಳ್ಳ ತುಂಬಿ ಬಂದು, ಬಸ್ಸು ಆಚೆ ದಂಡೆಯಲ್ಲೇ ನಿಂತಿತ್ತು.

"ಓದಾಕ ಪಾದ್ರಿ ಇಲ್ದನ ನಮ್ಮ ಪಾದ್ರಿಗೆ ಹೆಂಗ ಮಣ್ಣ ಕೊಡೂದ್ರಿ, ಭರಮಪ್ಪಣ್ಣಾರ?"

"ನಂಗ ನಿಮ್ಮ ಪದ್ಧತಿ ತಿಳಿಯೂದಿಲ್ಲ. ಮಣ್ಣಿಂದು ತಿಳಿತೈತಿ. ಇದು ಕಾಯೂದಿಲ್ಲ."

ಭರಮಪ್ಪ ಊರೊಳಗಿನ ಒಕ್ಕಲಿಗ, ಸಭೆಯವನಲ್ಲ. ಅವನು ಬೆಳಿಗ್ಗೆ ಸಲಿಕೆ ಹೊತ್ತು ಬಂದು ಕುಣಿಗಿಳಿದಾಗ ಕೇರಿಯ ಗಂಡಸರು ಬೇಡವೆಂದಿದ್ದರು. ಅವನು ಕೇಳಿರಲಿಲ್ಲ.

ಸತ್ಯಪ್ಪ ಪಾದ್ರಿಗಳು ಹಿಂದಿನ ದಿನ ಸಂಗೊಳ್ಳಿಯಲ್ಲಿ ಒಬ್ಬ ಕಾಯಿಲೆಯವನನ್ನು ನೋಡಿ ಸೈಕಲ್ ಮೇಲೆ ಮನೆಗೆ ಬಂದಿದ್ದರು. ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ಹೆಂಡತಿ ತಾಯವ್ವ ತಂಬಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು.

*

ಅವರು ಈ ಊರಿಗೆ ಬಂದಾಗ ಇನ್ನೂ ಮೀಸೆ ದಟ್ಟವಾಗಿರದ ವಯಸ್ಸು. ಮೊದಲ ಭಾನುವಾರ ಹಂಚಿನ ದೇವಾಲಯ ತುಂಬಿತ್ತು. ಹೊಸ ಪಾದ್ರಿ ಎದ್ದು ನಿಂತು "ಪ್ರಿಯ" ಎನ್ನಲು ಹೋದರು. 'ಪ್ರಿ' ಎಂಬುದರಲ್ಲೇ ಮಾತು ಉಗ್ಗಿತು. ಕತ್ತಿನ ನರ ಉಬ್ಬಿ, ಹಣೆ ಬೆವತು, ಮತ್ತೆ ಅದೇ 'ಪ್ರಿ'. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕೊನೆಗೆ ಹಾಡೊಂದನ್ನು ಹಾಡಿಸಿ ಆರಾಧನೆ ಮುಗಿಸಿದರು.

ಮನೆಗೆ ಬಂದು ತಾಯವ್ವನ ಮುಂದೆ ಕೂತು, "ಇದು ನನ್ನ ಕೈಲಿ ಆಗೂದಿಲ್ಲ, ಬಿಟ್ಟ ಬಿಡತೇನಿ," ಎಂದರು.

ಒಲೆಯ ಮುಂದಿದ್ದ ತಾಯವ್ವ ರೊಟ್ಟಿ ತಿರುವಿಹಾಕಿ ಕೇಳಿದಳು: "ಅದನ್ನ ನಾ ಓದಿದ್ರ ನಡಿತೈತೇನ್ರಿ?"

"ನಿಂಗ ಓದಾಕ ಬರೂದಿಲ್ಲಲ್ಲ."

"ಕಲಸ್ರಿ."

ಅಂದಿನಿಂದ ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ ಅವರು ಬೆರಳಿನಿಂದ ಅಕ್ಷರ ಬರೆದರು, ಅವಳು ಅದರ ಮೇಲೆ ತಿದ್ದಿದಳು. ಅವಳೊಬ್ಬಳ ಮುಂದೆ ಅವರ ನಾಲಿಗೆ ಎಂದೂ ತಡವರಿಸಲಿಲ್ಲ. ಸುಗ್ಗಿ ಕಳೆದು ಮತ್ತೆ ಮಳೆ ಹಿಡಿಯುವ ಹೊತ್ತಿಗೆ ತಾಯವ್ವ ದೇವರ ಪುಸ್ತಕ ಹಿಡಿದು ಸಭೆಯ ಮುಂದೆ ನಿಂತಳು. ಅವಳು ಓದುವುದು, ಅವರು ಕೊನೆಗೆ ನಾಲ್ಕು ಮಾತು ಹೇಳುವುದು ರೂಢಿಯಾಯಿತು.

ಮಣ್ಣು ಕೊಡುವಾಗ ಮಾತ್ರ ಪುಸ್ತಕವನ್ನು ಅವಳ ಕೈಗೂ ಕೊಡುತ್ತಿರಲಿಲ್ಲ. ಎಷ್ಟೇ ಹೊತ್ತಾಗಲಿ, ತಾವೇ ಓದುತ್ತಿದ್ದರು. ಒಮ್ಮೆ ಅವಳು ಕೇಳಿದ್ದಕ್ಕೆ, "ಹೊಂಟವ್ರನ್ನ ಅವಸರಾ ಮಾಡಿ ಕಳಸಬಾರ್ದು. ನಾ ಓದಿದ್ರ ತಾನ ತಡಾ ಆಕ್ಕೈತಿ," ಎಂದು ನಕ್ಕಿದ್ದರು.

*

ದೇವಾಲಯದೊಳಗೆ ಪೆಟ್ಟಿಗೆಯ ಸುತ್ತ ಹೆಂಗಸರು ಕೂತಿದ್ದರು. ಸವದತ್ತಿಯಿಂದ ಬಂದ ಮಗಳು ಸೀತವ್ವ ತಾಯಿಯ ಬೆನ್ನು ಸವರುತ್ತಿದ್ದಳು.

"ನಮ್ಮತ್ತಿ ಕಣ್ಣ ಕಳಕೊಂಡ ಮ್ಯಾಲ ಪಾದ್ರಿಗೋಳು ವಾರಕ್ಕೊಮ್ಮೆ ಬಂದ ಊರ ಸುದ್ದಿ ಹೇಳಿ ಹೋಗ್ತಿದ್ರು," ಎಂದಳು ಮುದುಕಿ ರಾಚವ್ವ. "ಒಂದ ಸುದ್ದಿಗೆ ಒಂದ ಮುಂಜಾನಿ ಹಿಡೀತಿತ್ತು. ಅಕಿಗೂ ಅದ ಬೇಕಾಗಿತ್ತು, ಹೊತ್ತ ಹೋಗಬೇಕಲ್ಲ."

ಹೆಂಗಸರು ಅಳುವಿನ ನಡುವೆಯೇ ನಕ್ಕರು. ತಾಯವ್ವನೂ ನಕ್ಕಳು.

ಬಾಗಿಲಲ್ಲಿ ಭರಮಪ್ಪ ನಿಂತಿದ್ದ. ಸೊಂಟದ ತನಕ ಕೆಸರು. ಒಳಗೆ ಬರಲು ಹಿಂಜರಿದು ಹೊಸ್ತಿಲಾಚೆಯಿಂದಲೇ ಹೇಳಿದ: "ತಾಯವ್ವಕ್ಕಾ, ಇನ್ನ ಕಾಯೂದ ಬ್ಯಾಡ. ಅವ್ರನ್ನ ನೀರಾಗ ಇಡಾಕ ನಂಗ ಮನಸ ಇಲ್ಲ."

*

ಹಿಂದೊಮ್ಮೆ ಭರಮಪ್ಪನ ಹಿರಿಯ ಮಗ ಬಾವಿಗೆ ಬಿದ್ದು ಸತ್ತಿದ್ದ. ಬಂದವರೆಲ್ಲ ಹಣೆಬರಹವೆಂದರು, ಋಣವೆಂದರು. ಭರಮಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಏಳಲಿಲ್ಲ. ಕೇರಿಯ ಪಾದ್ರಿಯೂ ಬಂದು ಪಡಸಾಲೆಯ ಆಚೆ ನಿಂತರು. ಬಾಯಿ ತೆರೆದರು. ಏನೂ ಹೊರಡಲಿಲ್ಲ. ಅಲ್ಲಿಂದ ದನದ ಕೊಟ್ಟಿಗೆಗೆ ಹೋದರು.

ಹಸಿದ ಎತ್ತುಗಳು ಗೂಟ ಎಳೆಯುತ್ತಿದ್ದವು. ಪಾದ್ರಿಗಳು ಅವಕ್ಕೆ ಕಣಿಕೆಯ ಮೇವು ಹಾಕಿದರು, ನೀರು ಕುಡಿಸಿದರು, ಸಗಣಿ ಬಳಿದರು. ಮರುದಿನವೂ ಬಂದರು, ಅದರ ಮರುದಿನವೂ. ಒಂದು ಮುಂಜಾನೆ ಎತ್ತು ಮೆಲುಕು ಹಾಕುವ ಸಪ್ಪಳ ಕೇಳುತ್ತ ಮಲಗಿದ್ದ ಭರಮಪ್ಪ ಎದ್ದು ಹೋಗಿ, ಇನ್ನೊಂದು ಬುಟ್ಟಿ ಎತ್ತಿಕೊಂಡ. ಇಬ್ಬರೂ ಸೇರಿ ಕೊಟ್ಟಿಗೆ ಹಸನು ಮಾಡಿದರು. ಅವನ ಹೆಂಡತಿ ಕೃಷ್ಣವ್ವ ಇಬ್ಬರಿಗೂ ಒಂದೇ ತರದ ಬಟ್ಟಲಲ್ಲಿ ಚಹಾ ತಂದಿಟ್ಟಳು. ಆ ಮನೆಯಲ್ಲಿ ಅದು ಮೊದಲು.

*

"ನಾ ಓದತೇನಿ," ಎಂದಳು ತಾಯವ್ವ.

ಭರಮಪ್ಪನ ಹಿಂದೆ ಬಂದು ನಿಂತಿದ್ದ ನೀಲಪ್ಪ ಗಾಬರಿಯಾದ. "ಅಮ್ಮಾರ, ಭಾನುವಾರದ ಓದು ಬ್ಯಾರೆ. ಹೆಣ್ಣಮಕ್ಕಳು ಮಣ್ಣ ಕೊಟ್ಟಿದ್ದ ನಾ ಎಲ್ಲೂ ಕಂಡಿಲ್ಲ. ನಾಳೆ ದೊಡ್ಡ ಪಾದ್ರಿಗೋಳು ಬೈದ್ರ?"

"ಬೈದ್ರ ನನ್ನ ಬೈಲಿ, ಮಾಸ್ತರ. ನಮ್ಮನಿಯವ್ರು ಯಾರ ಹೆಣಾನೂ ಕಾಯಿಸಿದವ್ರಲ್ಲ."

ನೀಲಪ್ಪ ಛತ್ರಿ ಮಡಚಿ ಗೋಡೆಗೆ ಆನಿಸಿದ. ಆಮೇಲೆ ತಾನೇ ಮೊದಲು ಪೆಟ್ಟಿಗೆಗೆ ಹೆಗಲು ಕೊಟ್ಟ.

ಕುಣಿಯ ತಲೆಕಡೆ ನಿಂತು ತಾಯವ್ವ ಓದಿದಳು. ದನಿ ಮೊದಲು ನಡುಗಿತು, ಬಳಿಕ ಸ್ಥಿರವಾಯಿತು. ಕೇರಿಯವರ ಹಿಂದೆ ಊರವರೂ ಟೊಪ್ಪಿಗೆ ತೆಗೆದು ನಿಂತಿದ್ದರು. 'ಪುನರುತ್ಥಾನ' ಎಂಬ ಮಾತಿಗೆ ಬಂದು ಅವಳ ಓದು ನಿಂತಿತು. ಸತ್ಯಪ್ಪನವರೂ ಪ್ರತಿ ಸಲ ಅಲ್ಲೇ ನಿಲ್ಲುತ್ತಿದ್ದರು. ಯಾರೂ ಆ ಮಾತು ಎತ್ತಿಕೊಡಲಿಲ್ಲ, ಯಾರೂ ಅಲುಗಲಿಲ್ಲ. ಇಷ್ಟು ವರ್ಷ ಅವರಿಗಾಗಿ ಕಾದಂತೆಯೇ ಅವಳಿಗಾಗಿ ಕಾದರು. ತಾಯವ್ವ ಉಸಿರೆಳೆದುಕೊಂಡು ಆ ಮಾತನ್ನು ಇಡಿಯಾಗಿ ಹೇಳಿದಳು. ಮುಂದಿನದನ್ನು ಅವಸರವಿಲ್ಲದೆ ಓದಿ ಮುಗಿಸಿದಳು.

ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿ, ಮೇಲೆ ಗುಪ್ಪೆ ಏರಿಸುವ ಹೊತ್ತಿಗೆ ದೊಡ್ಡ ಪಾದ್ರಿಗಳು ಬಂದರು. ಹಳ್ಳ ಇಳಿಯುತ್ತಲೇ ದಾಟಿ ನಡೆದಿದ್ದರು. ಕೈಯಲ್ಲಿ ಬೂಟು, ಎದೆಯ ತನಕ ಒದ್ದೆ. ಗುಪ್ಪೆಯನ್ನು ನೋಡಿ, "ಪ್ರಾರ್ಥನಾ ಯಾರು ಮಾಡಿದ್ರಿ?" ಎಂದು ಕೇಳಿದರು.

ನೀಲಪ್ಪ ಮುಂದೆ ಬಂದ. "ಅಮ್ಮಾರು ಓದಿದ್ರು. ನಾನ ಒಪ್ಪಿದೆ."

ತಾಯವ್ವ ಪುಸ್ತಕವನ್ನು ದೊಡ್ಡ ಪಾದ್ರಿಗಳ ಕಡೆ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ. ಬೂಟು ಪಕ್ಕಕ್ಕಿಟ್ಟು ಹಸಿಮಣ್ಣಿನ ಮೇಲೆ, ಜನರ ನಡುವೆ ಕುಳಿತರು.

"ಇನ್ನೊಮ್ಮೆ ಓದ್ರಿ, ಅಮ್ಮಾರ. ನಾನೂ ಕೇಳತೇನಿ."

ಸಣ್ಣಗೆ ಮತ್ತೆ ಹನಿ ಶುರುವಾಯಿತು. ತಾಯವ್ವ ಹಾಳೆ ತಿರುವಿದಳು. ಭರಮಪ್ಪ ತನ್ನ ತಲೆಯ ಮೇಲಿನ ಗೋಣಿಚೀಲದ ಕೊಪ್ಪೆ ತೆಗೆದು, ಎರಡೂ ಕೈಯಿಂದ ಪುಸ್ತಕದ ಮೇಲೆ ಹಿಡಿದು ನಿಂತ. ಅವನ ಬೋಳುತಲೆಯ ಮೇಲೆ ಬಿದ್ದ ಮಳೆ ಮೈಯ ಕೆಸರನ್ನು ತೊಳೆಯುತ್ತ ಕೆಳಗಿಳಿಯಿತು.