ಮಿಂದು ಏಳದ ಮದುಮಗಳು

ಬೆಳಿಗ್ಗೆ ಹತ್ತು ಗಂಟೆ. ಭಟ್ಕಳದ ಹತ್ತಿರದ ಕಾಯ್ಕಿಣಿ ಊರಿನ ಮದುವೆ ಚಪ್ಪರದಲ್ಲಿ ಚೌಡಮ್ಮ ಹಾಡು ಮರೆತಳು. ಅದು 2008ರ ಏಪ್ರಿಲ್.

ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಅಲ್ಲಿಯ ಹಾಡಿನ ಕ್ರಮವೇ ಹಾಗೆ. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಮದುಮಗಳು ಮೀಯುವ ಸಾಲು ಮತ್ತೆ ಬಂತು, ಹೆಂಗಸರು ಮತ್ತೆ ಹೇಳಿದರು. ಇನ್ನೊಮ್ಮೆ ಬಂತು, ಇನ್ನೊಮ್ಮೆ ಹೇಳಿದರು. ಚಪ್ಪರದ ಮದುಮಗಳು ಹಸೆಯ ಮೇಲೆ ಕೂತಾಗಿತ್ತು. ಹಾಡಿನ ಮದುಮಗಳು ಮಾತ್ರ ಇನ್ನೂ ಬಚ್ಚಲಲ್ಲೇ ಇದ್ದಳು.

“ಎಂತ ಚೌಡಕ್ಕ, ಹುಡುಗಿಗೆ ಶೀತ ಆಗ್ತದಲ್ಲ!” ಎಂದು ಗಂಡಸರ ಸಾಲಿನಿಂದ ಕೇರಿಯ ಲಿಂಗಪ್ಪ ಕೂಗಿದ.

ಚಪ್ಪರವೆಲ್ಲ ನಕ್ಕಿತು. ಚೌಡಮ್ಮನೂ ನಕ್ಕಳು. ಆದರೆ ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಪಕ್ಕದಲ್ಲಿದ್ದ ಮಗಳು ದೇವಿ ಅದನ್ನು ಕಂಡು, ಮುಂದಿನ ಸಾಲನ್ನು ತಾನೇ ಎತ್ತಿದಳು.

ಮರುದಿನ ದೇವಿ ಜಗಲಿಯಲ್ಲಿ ಕೂತು ಹರಿವೆ ಸೊಪ್ಪಿನ ಕಟ್ಟು ಮಾಡುತ್ತಿದ್ದಾಗ ಆರೋಗ್ಯ ಕೇಂದ್ರದ ನರ್ಸ್ ಮಾಲಿನಿ ಬಂದರು. ಚಪ್ಪರದ ಸುದ್ದಿ ಅವರಿಗೂ ಮುಟ್ಟಿತ್ತು.

“ಅಬ್ಬೆಗೆ ವಯಸ್ಸಾತಲ್ಲ ಸಿಸ್ಟರೆ, ಮರೆವು ಬರೂದೇ,” ಎಂದಳು ದೇವಿ.

“ಅರವತ್ನಾಲ್ಕು ಎಂತ ದೊಡ್ಡ ವಯಸ್ಸು? ಸಕ್ಕರೆ ಕಾಯಿಲೆ ಗುಳಿಗೆ ತಗೊಳ್ತಾರಾ?”

“ಬಿಟ್ಟು ವರ್ಷ ಆತು. ನೋಡಿ, ಹೇಗೆ ಮೈ ತುಂಬಿಕೊಂಡಿದ್ದಾಳೆ! ಗುಳಿಗೆ ಯಾಕೆ?”

ಹಾಡು ಎತ್ತುವವಳ ಗಂಟಲು ಒಣಗಬಾರದೆಂದು ಹಾಡುಹಾಡಿನ ನಡುವೆ ಬೆಲ್ಲದ ಕಾಫಿ ಕೊಡುವುದು ಆ ಊರಿನ ಮರ್ಯಾದೆ. ದಿನವಿಡೀ ಗದ್ದೆಯಲ್ಲಿ ಬಗ್ಗಿ ದುಡಿಯುತ್ತಿದ್ದಾಗ ಆ ಬೆಲ್ಲವೆಲ್ಲ ಮೈಗೆ ಹತ್ತದೆ ಕರಗುತ್ತಿತ್ತು. ಮೊಣಕಾಲು ನೋವು ಹಿಡಿದ ಮೇಲೆ ಚೌಡಮ್ಮ ಗದ್ದೆ ಬಿಟ್ಟಳು, ಕಾಫಿ ಬಿಡಲಿಲ್ಲ. ಮನೆಯಲ್ಲೂ ಅದೇ ಲೋಟ. ಅಬ್ಬೆಯ ನಂತರ ಹಾಡು ಎತ್ತಬೇಕಾದವಳು ದೇವಿ; ಅವಳ ಕೈಗೂ ಆ ಲೋಟ ಬಂದಿತ್ತು. ಟೆಂಪೊ ಬಂದ ಮೇಲೆ ಅವಳು ತರಕಾರಿ ಬುಟ್ಟಿ ಹೊತ್ತು ಮುರ್ಡೇಶ್ವರಕ್ಕೆ ನಡೆಯುವುದೂ ನಿಂತಿತ್ತು.

“ದನಿ ಬರೂಕೆ ಮೈ ಬೇಕಲ್ಲ?” ಎಂದಳು ದೇವಿ.

“ಬೊಜ್ಜು ಹಾಡ್ತದೇನೆ, ಮಾರಾಯ್ತಿ?”

ದೇವಿಗೆ ನಗು ಬಂತು. “ಆದ್ರೂ ಹೊಟ್ಟೆಗೂ ತಲೆಗೂ ಎಂತ ಸಂಬಂಧ?”

“ಎರಡಕ್ಕೂ ಒಂದೇ ರಕ್ತ. ಅದರಲ್ಲಿರೂ ಸಕ್ಕರೆಯನ್ನು ಮೈ ಬಳಸೂಕೆ ಇನ್ಸುಲಿನ್ ಬೇಕು. ಹೊಟ್ಟೆಯ ಸುತ್ತ ಬೊಜ್ಜು ಹೆಚ್ಚಾದ್ರೆ ಅದರ ಕೆಲಸ ಸರಿಯಾಗಿ ನಡೆಯೂದಿಲ್ಲ. ಸಕ್ಕರೆ ರಕ್ತದಲ್ಲೇ ಉಳೀತದೆ. ವರ್ಷಗಟ್ಟಲೆ ಹಾಗೇ ಬಿಟ್ರೆ ರಕ್ತನಾಳ ಕೆಡ್ತವೆ. ಕಣ್ಣಿನದ್ದು, ಕಾಲಿನದ್ದು, ಮಿದುಳಿನದ್ದೂ.”

“ಹಾಗಾದ್ರೆ ದಪ್ಪ ಇದ್ದವರಿಗೆಲ್ಲ ಮರೆವು ಬರ್ತದಾ?”

“ಇಲ್ಲ. ತೆಳ್ಳಗಿದ್ದವರಿಗೂ ಬರ್ತದೆ. ಆದ್ರೆ ನಡುವಯಸ್ಸಲ್ಲೇ ಬೊಜ್ಜು, ಸಕ್ಕರೆ, ಬಿಪಿ ಇದ್ರೆ ಮುಂದೆ ಮರೆವಿನ ಕಾಯಿಲೆಯ ಸಂಭವ ಹೆಚ್ಚು. ನಿನಗೀಗ ವಯಸ್ಸೆಷ್ಟು?”

“ನಲವತ್ತಾರು,” ಎಂದ ದೇವಿಯ ಕೈ ಸೊಪ್ಪಿನ ಮೇಲೆ ನಿಂತಿತು. ಅಬ್ಬೆಯ ಹಾಡುಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಅವು ಇದ್ದದ್ದು ಎರಡೇ ತಲೆಗಳಲ್ಲಿ.

ಆ ವಾರವೇ ದೇವಿಯ ಗಂಡ ಬೀರಪ್ಪ ತಾಯಿ ಮಗಳಿಬ್ಬರನ್ನೂ ಭಟ್ಕಳದ ಆಸ್ಪತ್ರೆಗೆ ಕರೆದುಕೊಂಡು ಹೋದ. ಚೌಡಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಸಕ್ಕರೆ, ಬಿಪಿ ಹತೋಟಿಗೆ ಬಂದರೆ ಅದರ ವೇಗ ತಗ್ಗಬಹುದು, ಹೋದದ್ದೆಲ್ಲ ಮರಳುತ್ತದೆಂದು ಹೇಳಲಾಗದು ಎಂದರು ವೈದ್ಯರು. ದೇವಿಯ ಸಕ್ಕರೆ ಕಾಯಿಲೆಯ ಗಡಿಯಲ್ಲಿತ್ತು. “ನಿಮಗಿನ್ನೂ ಕಾಲ ಇದೆ,” ಎಂದರು.

ಮರುದಿನ ದೇವಿ ಟೆಂಪೊ ಹತ್ತಲಿಲ್ಲ.

“ನಡೆದೇ ಹೋಗ್ತೀಯಾ?” ಎಂದ ಬೀರಪ್ಪ.

“ಹೌದು. ನೀವೂ ಬನ್ನಿ. ನಿಮ್ಮ ಹೊಟ್ಟೆ ಎಂತ ಕಮ್ಮಿ ಇದ್ಯಾ?”

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸೊಂಟಕ್ಕೊಂದು ಟೇಪು ಹಿಡಿಯಿರಿ. ಹೆಂಗಸರಿಗೆ ಎಂಬತ್ತು ಸೆಂಟಿಮೀಟರ್, ಗಂಡಸರಿಗೆ ತೊಂಬತ್ತು ದಾಟಿದ್ದರೆ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ. ದಿನವೂ ನಡೆಯಿರಿ. ವೈದ್ಯರು ಕೊಟ್ಟ ಗುಳಿಗೆಯನ್ನು ನೀವಾಗಿಯೇ ಬಿಡಬೇಡಿ. ಮನೆಯಲ್ಲಿ ಯಾರಾದರೂ ಪದೇಪದೇ ಮರೆಯುತ್ತಿದ್ದರೆ ನಕ್ಕು ಸುಮ್ಮನಾಗಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮರುವರ್ಷ ಅದೇ ಕೇರಿಯ ಇನ್ನೊಂದು ಮದುವೆಯಲ್ಲಿ ದೇವಿ ಹಾಡು ಎತ್ತಿದಳು. ಪಕ್ಕದಲ್ಲಿ ಬಿಸಿನೀರಿನ ಲೋಟ ಇತ್ತು. ಚೌಡಮ್ಮ ತಿರುಗಿ ಹೇಳುವವರ ಸಾಲಿನಲ್ಲಿ ಕೂತು ಹಾಡಿದಳು. ಹಾಡಿನ ಮದುಮಗಳು ಮಿಂದು, ಸೀರೆ ಉಟ್ಟು, ಹಸೆಗೆ ಬಂದಳು.