ಶ್ಯಾಮಣ್ಣನ ಸೈಟಿನ ಮೂರು ರೋಡುಗಳು

ದೂರದ ಬೆಟ್ಟ ನುಣ್ಣಗೆ, ಹತ್ತಿರದ ಸೈಟು ಮಟ್ಟಸ ಎಂದು ಹಿರಿಯರು ಹೇಳಿದ್ದಾರೆ. ಮೊದಲರ್ಧ ಮಾತ್ರ ಹಿರಿಯರದು. ಉಳಿದರ್ಧ ಚಿಕ್ಕಬಾಣಾವರದ ಬ್ರೋಕರುಗಳದು. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು. ನಂಬದವರು ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ವಿಚಾರಿಸಬಹುದು. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ; ನಿಜದ ಲಕ್ಷಣವೇ ಅದು.

ಹನುಮೇಶ ಕೊಪ್ಪಳದ ಕಡೆಯವನು. ಪೀಣ್ಯದ ಒಂದು ಸರ್ವೆ ಕಂಪನಿಯಲ್ಲಿ ನೆಲ ಅಳೆಯುವ ಕೆಲಸ. ಹಗಲೆಲ್ಲ ನೆಲದ ಏರಿಳಿತ ಅಳೆದು, ಸಂಜೆ ಜನರ ದನಿಯ ಏರಿಳಿತ ಅಳೆಯುತ್ತಿದ್ದ, ಅಂದರೆ ಮಿಮಿಕ್ರಿ. ಮೆಟ್ರೋದಲ್ಲಿ ನಿಲ್ದಾಣ ಹೇಳುವ ಹೆಂಗಸು, ಕಂಪನಿಯ ಮ್ಯಾನೇಜರು, ಸೊಪ್ಪಿನ ಗಾಡಿಯ ಮೈಕು, ಎಲ್ಲರೂ ಅವನ ಗಂಟಲಲ್ಲಿ ಬಿಟ್ಟಿಯಾಗಿ ವಾಸವಿದ್ದರು. ಅವನು ಮತ್ತು ಅವನ ಅಕ್ಕ ಸುಮಂಗಲಾ ಮಾತ್ರ ಬಾಡಿಗೆ ಕೊಟ್ಟು ಶ್ಯಾಮಣ್ಣನ ವಠಾರದ ಮೂರನೇ ಮಹಡಿಯಲ್ಲಿದ್ದರು.

ಶ್ಯಾಮಣ್ಣ ಊರಿನ ಹಳೇ ಒಕ್ಕಲು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ರೂಮು ಬೆಳೆಯುತ್ತಿದ್ದ. ಉಳಿದಿದ್ದ ಎರಡು ಸೈಟುಗಳಲ್ಲಿ ಮೇಲಿನದನ್ನು ಕಾರ್ ಶೆಡ್ಡಿಗೆಂದು ಬಿಟ್ಟು, ಬರುವ ಶುಕ್ರವಾರ ಕೆಳಗಿನ ಸೈಟಿನಲ್ಲಿ ಆರು ರೂಮುಗಳಿಗೆ ಪಾಯ ತೆಗೆಸುವವನಿದ್ದ. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದ ಸುಮಂಗಲಾಳಿಗೆ ಅಲ್ಲಿ ನೆಲಮಟ್ಟದ ಮೂಲೆ ರೂಮು ಎಂದು ಮಾತಾಗಿತ್ತು.

ಅಷ್ಟರಲ್ಲಿ ನಕ್ಷೆ ಬಂತು. ಪಕ್ಕದ ಲೇಔಟಿಗಾಗಿ ಹನುಮೇಶನ ಕಂಪನಿ ಮಾಡಿದ ನಕ್ಷೆಯೊಳಗೆ ಶ್ಯಾಮಣ್ಣನ ಸೈಟೂ ಸೇರಿತ್ತು. ಒಂದೇ ಎತ್ತರದ ಜಾಗಗಳನ್ನೆಲ್ಲ ಒಂದೇ ಗೆರೆಯಲ್ಲಿ ಪೋಣಿಸುವ ನಕ್ಷೆ ಅದು. ಗೆರೆಯಿಂದ ಗೆರೆಗೆ ಸುಮಾರು ಒಂದು ಗೇಣು ಇಳಿತ. ಗೆರೆಗಳು ಬಾಣದ ಮೊನೆಯಂತೆ ದಿಣ್ಣೆಯ ಕಡೆಗೆ ಮೂತಿ ಚಾಚಿದ್ದರೆ, ಅಲ್ಲಿ ನೀರು ಹರಿಯುವ ತಗ್ಗಿದೆ ಎಂದರ್ಥ. ದಿಣ್ಣೆಯ ಅಪಾರ್ಟ್‌ಮೆಂಟಿನಿಂದ ಶ್ಯಾಮಣ್ಣನ ಸೈಟಿನವರೆಗೆ ಅಷ್ಟೂ ಕಂದು ಗೆರೆಗಳು ಮೂತಿ ಚಾಚಿಕೊಂಡೇ ಇದ್ದವು. ಕಣ್ಣಿಗೆ ಚಪಾತಿಯಂತೆ ಕಾಣುವ ನೆಲ ಕಾಗದದ ಮೇಲೆ ದೋಣಿಯಾಗಿತ್ತು.

"ಅಕ್ಕಾ, ಆ ರೂಮಿನ್ಯಾಗ ನಿನಗ ಮಂಚ ಬ್ಯಾಡ, ತೆಪ್ಪ ಬೇಕು," ಎಂದ ಹನುಮೇಶ.

"ನಿನ್ನ ಚ್ಯಾಷ್ಟಿ ಸಾಕು. ಪಾಯ ಹಾಕೂದ್ರಾಗ ಹೋಗಿ ಓನರ್‌ಗ ಹೇಳು."

ಹೋದ. ಆದರೆ ಈ ಕಡೆಯ ಜಮೀನುದಾರರಿಗೆ ಓದಲು ಬರುವ ನಕ್ಷೆ ಒಂದೇ ಬಗೆಯದು: ಹೊಸ ರೋಡು ಯಾರ ಸರ್ವೆ ನಂಬರಿನ ಮೇಲೆ ಬರುತ್ತದೆ ಎಂಬುದು. ಗೆರೆ ಕಂಡರೆ ರೋಡು, ರೋಡು ಕಂಡರೆ ರೇಟು. ಶ್ಯಾಮಣ್ಣ ಕನ್ನಡಕ ಏರಿಸಿ, ತನ್ನ ಸೈಟಿನ ಮೇಲಿದ್ದ ಮೂರು ಗೆರೆಗಳನ್ನು ಸವರಿ, ಕುರ್ಚಿಯಿಂದ ಅರ್ಧ ಎದ್ದ.

"ಲೇ ಅನ್ಮೇಸ, ಮೂರು ರೋಡೇನ್ಲಾ ನನ್ ಸೈಟ್ ಮ್ಯಾಲೆ?"

"ಅಣ್ಣಾ, ಅದು ರೋಡಲ್ಲ, ಎತ್ತರ ತೋರ್ಸೋ ಗೆರೆ. ನಿಮ್ ಸೈಟು ತಗ್ಗಲ್ಲಿದೆ, ಮಳೆ ಬಂದ್ರೆ..."

"ಎತ್ತರದ್ ರೋಡು ಅಂದ್ರೆ ಫ್ಲೈಓವರ್ ಅನ್ನು. ತಗ್ಗೆಲ್ಲೈತ್ಲಾ ಅಲ್ಲಿ? ಗೋಲಿ ಮಡಗುದ್ರೂ ಉರುಳಾಕಿಲ್ಲ." ಒಳಕ್ಕೆ ತಿರುಗಿ ಹೆಂಡತಿಯನ್ನು ಕೂಗಿದ. "ಅಂಜಿನೀ, ಕಾಪಿ ತಗಂಬಾ. ಅನ್ಮೇಸಂಗೂ."

ಇಳಿಜಾರು ಎಂಬ ಪದದಲ್ಲಿ ಇಳಿ, ಜಾರು ಎಂಬ ಎರಡು ಅಪ್ಪಣೆಗಳಿವೆ. ಹನುಮೇಶ ಕಾಫಿ ಕುಡಿದು, ಎರಡನ್ನೂ ಪಾಲಿಸಿದ. ಅವನು ಮೆಟ್ಟಿಲು ಇಳಿಯುತ್ತಿದ್ದಂತೆ ತಲೆಗೆ ಉಪಾಯ ಏರಿತು.

ದಿಣ್ಣೆಯ ಅಪಾರ್ಟ್‌ಮೆಂಟಿನ ವಾಚ್‌ಮನ್ ಭರಮಪ್ಪ ಅವನ ಊರಿನ ಕಡೆಯವನೇ. ತಿಂಗಳಿಗೊಂದು ಭಾನುವಾರ ಸಂಪು ತೊಳೆದು, ಆ ನೀರನ್ನು ಪಂಪು ಹಾಕಿ ಚರಂಡಿಗೆ ಬಿಡುತ್ತಿದ್ದ. "ಈ ಸಲ ಚರಂಡಿಗೆ ಬ್ಯಾಡ ಕಾಕಾ, ಗೇಟಿನ ಮುಂದ ಬಿಡ್ರಿ," ಎಂದು ಹನುಮೇಶ ಒಪ್ಪಿಸಿದ. ಆಮೇಲೆ ಭರಮಪ್ಪನ ಫೋನಿನಿಂದಲೇ ಶ್ಯಾಮಣ್ಣನಿಗೊಂದು ಕರೆ ಹೋಯಿತು. ಮೂಗಿನಲ್ಲಿ ಮಾತು, ವಾಕ್ಯಕ್ಕೊಂದು ಕೆಮ್ಮು. ಮೂವತ್ತು ವರ್ಷ ಫೈಲಿನ ಧೂಳು ಕುಡಿದವರ ದನಿ.

"ರೋಡ್ ಆಫೀಸಿಂದ ಮಾತಾಡ್ತಿರೋದು. ನಾಳೆ ಹತ್ತಕ್ಕೆ ಸ್ಥಳ ಪರಿಶೀಲನೆ. ಮಾಲೀಕರು ಸೈಟಿನ ನಡುಮಧ್ಯೆ ಕುರ್ಚಿ ಹಾಕ್ಕೊಂಡು ಕೂತಿರತಕ್ಕದ್ದು. ಎದ್ರೆ ರೋಡು ಪಕ್ಕದವರ ಸೈಟಿಗೆ ಹೋಗುತ್ತೆ."

"ಏಳಾಕಿಲ್ಲ ಸಾರ್," ಎಂದ ಶ್ಯಾಮಣ್ಣ, ಎದ್ದು ನಿಂತು.

ಭಾನುವಾರ, ಪಾಯಕ್ಕೆಂದು ಸುಣ್ಣದ ಗೆರೆ ಎಳೆದಿದ್ದ ಸೈಟಿನ ನಡುವೆ ಶ್ಯಾಮಣ್ಣ ಬಿಳಿ ಪಂಚೆಯುಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಬೀದಿಯಂಚಿನಲ್ಲಿ ಅಂಜಿನಮ್ಮ, ಸುಮಂಗಲಾ, ಹನುಮೇಶ. ಹತ್ತಕ್ಕೆ ಸರಿಯಾಗಿ ದಿಣ್ಣೆಯ ಮೇಲೆ ಪಂಪು ಗುರ್ ಎಂದಿತು.

ನೀರಿಗೆ ನಕ್ಷೆ ಓದಲು ಬರುತ್ತದೆ, ಕನ್ನಡಕವೂ ಬೇಡ. ಗೇಟಿನಿಂದ ಹೊರಟದ್ದು ಬೇಕರಿಯ ಮುಂದೆ ಎಡಕ್ಕೆ ಹೊರಳಿ, ಇಸ್ತ್ರಿ ಗಾಡಿಯ ಚಕ್ರ ಸವರಿ, ಕ್ಷಣಕಾಲ ಯೋಚಿಸಿ, ಒಂದೊಂದು ಗೆರೆಯ ಮೂತಿಗೂ ಮುತ್ತು ಕೊಡುತ್ತ ಇಳಿದು ಬಂತು. ಹನುಮೇಶ ನಕ್ಷೆಯ ಮೇಲೆ ಬೆರಳು ಜಾರಿಸುತ್ತ ಮೆಟ್ರೋ ಹೆಂಗಸಿನ ದನಿಯಲ್ಲಿ ಪಿಸುಗುಟ್ಟಿದ: "ಮುಂದಿನ ನಿಲ್ದಾಣ, ಶ್ಯಾಮಣ್ಣನ ಸೈಟು." ಸುಮಂಗಲಾ ಸೆರಗು ಕಚ್ಚಿಕೊಂಡಳು.

ನೀರು ಸುಣ್ಣದ ಗೆರೆಗಳನ್ನು ಒರೆಸಿಕೊಂಡು ನೇರ ಕುರ್ಚಿಯ ಬುಡದಲ್ಲಿ ನಿಂತಿತು. ಚಪ್ಪಲಿಗಳೆರಡೂ ತೇಲಿದವು. ಶ್ಯಾಮಣ್ಣ ಕಾಲು ಮೇಲೆತ್ತಿಕೊಂಡನೇ ಹೊರತು ಏಳಲಿಲ್ಲ.

"ಸಾಯೇಬ್ರು ಎಲ್ಲವ್ರಲಾ?"

ಹನುಮೇಶನಿಗೆ ತಡೆಯಲಾಗಲಿಲ್ಲ. ಮೂಗು ಹಿಡಿದು ಕೆಮ್ಮಿದ. "ಬಂದಾಗಿದೆ ಸ್ವಾಮಿ. ಪರಿಶೀಲನೆ ನಡೀತಾ ಇದೆ."

ಫೋನಿನ ದನಿ ಯಾರದೆಂದು ಹೊಳೆದು ಶ್ಯಾಮಣ್ಣ ಹನುಮೇಶನ ಮೂಗನ್ನೇ ನೋಡಿದ. ಸುಮಂಗಲಾಳ ಮುಖ ಬಿಳಿಚಿತು. ಕೆಳಗಿನ ರೂಮಿರಲಿ, ಇದ್ದ ರೂಮೂ ಹೋಯಿತು ಎಂದುಕೊಂಡಳು. ಶ್ಯಾಮಣ್ಣ ನಕ್ಷೆಗೆ ಕೈ ಚಾಚಿದ. ಹನುಮೇಶ ಕೆಸರಿನಲ್ಲಿ ಕಾಲೆಳೆಯುತ್ತ ಹೋಗಿ ನಕ್ಷೆ ಕೊಟ್ಟ. ಶ್ಯಾಮಣ್ಣ ನಕ್ಷೆ ನೋಡಿದ, ನೀರು ನೋಡಿದ, ಮತ್ತೆ ನಕ್ಷೆ ನೋಡಿದ.

"ಇದು ನೀರಿನ್ ದಾರಿ."

"ಹೂಂ ಅಣ್ಣಾ."

"ಮೂರ್ರಲ್ಲಿ ಒಂದಾರಾ ರೋಡು?"

"ಒಂದೂ ಇಲ್ಲ ಅಣ್ಣಾ."

"ಅಂಗಾರೆ ಬೀಗ್ರು ಬೆಳಿಗ್ಗೆ ಮೂರು ರೋಡಿನ್ ಯಜಮಾನ್ರಿಗೆ ಅಂತ ಮೈಸೂರುಪಾಕ್ ಕೊಟ್ಟೋದ್ರಲ್ಲ," ಎಂದಳು ಅಂಜಿನಮ್ಮ, "ವಾಪಸ್ ಕಳ್ಸಾನಾ?"

"ತಿಂದ್ಬುಟ್ಟೆ ಕಣಮ್ಮಿ. ಪೂರಾ."

'ಪೂರಾ' ಎನ್ನುವಾಗಲೇ ಶ್ಯಾಮಣ್ಣನ ಹೊಟ್ಟೆ ಕುಲುಕತೊಡಗಿತ್ತು. "ರೂಮು ಮೇಲಿನ್ ಸೈಟಲ್ಲಿ ಕಟ್ಸಾನ. ಕಾರ್ ಶೆಡ್ಡು ಇಲ್ಲಿಗ್ ಬರ್ಲಿ, ತೇಲುದ್ರೆ ತೇಲ್ಲಿ. ಸುಮಂಗಲಮ್ಮ, ಮೂಲೆ ರೂಮು ನಿಂದೇಯಾ," ಎನ್ನುತ್ತಿದ್ದಂತೆ ಕುರ್ಚಿಯ ಹಿಂಗಾಲು ನೆಲದಲ್ಲಿ ಹೂತು, ಶ್ಯಾಮಣ್ಣ ಬೆನ್ನಡಿಯಾಗಿ ಉರುಳಿದ. ಮೂವರೂ ಎತ್ತಲು ಓಡಿದರು. ನಗುವವರ ಕೈಯಲ್ಲಿ ಬಲವೆಲ್ಲಿ? ಅವರೆಲ್ಲರ ನಗುವನ್ನು ಮುಳುಗಿಸಿ, ದಿಣ್ಣೆಯ ಭರಮಪ್ಪನಿಗೂ ಕೇಳುವ ಹಾಗೆ ನಗುತ್ತಿದ್ದವನು ಕೆಸರಿನಲ್ಲಿ ಅಂಗಾತ ಬಿದ್ದಿದ್ದ ಶ್ಯಾಮಣ್ಣ.